ವರ್ಷಗಟ್ಟಲೆ ನಿಂತ ಬೈಕಿಗೆ ಕಿಕ್ ಹೊಡೆಯುವ ಮುಂಚೆ

ಬೆಂಗಳೂರಿನ ಬನಶಂಕರಿಯ ನಮ್ಮ ಮನೆಯ ಮೆಟ್ಟಿಲ ಕೆಳಗೆ ಅಪ್ಪನ ಹಳೇ ಬೈಕ್ ಆರು ವರ್ಷ ಹಾಗೇ ನಿಂತಿತ್ತು. ಹೋದ ತಿಂಗಳು ಹೊರಗೆ ಎಳೆದೆ. ಇಂಥ ಗಾಡಿ ಇರುವವರಿಗೆ ಒಂದು ಮಾತು: ಆಸೆಗೆ ಬಿದ್ದು ತಕ್ಷಣ ಕಿಕ್ ಹೊಡೆಯಬೇಡಿ.

ಮೊದಲು ಟ್ಯಾಂಕ್ ಪೂರ್ತಿ ಖಾಲಿ ಮಾಡಿ. ಹಳೇ ಪೆಟ್ರೋಲ್ ವಾರ್ನಿಷ್ ಥರ ನಾರುತ್ತದೆ, ಅಂಟು ಕಟ್ಟಿ ಕಾರ್ಬುರೇಟರಿನ (ಪೆಟ್ರೋಲು, ಗಾಳಿ ಬೆರೆಸಿ ಎಂಜಿನ್ನಿಗೆ ಕಳಿಸುವ ಭಾಗ) ಜೆಟ್ ಅನ್ನುವ ಸಣ್ಣ ತೂತುಗಳನ್ನು ಮುಚ್ಚಿಬಿಡುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ಅದು ತೇವ ಎಳೆದುಕೊಳ್ಳುತ್ತದೆ. ಟ್ಯಾಂಕ್ ಒಳಗೆ ತುಕ್ಕು ಹಿಡಿಯದೇ ಇರುತ್ತದಾ? ಆಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ ಆ ತೂತಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಕಿಕ್ಕರನ್ನು ಕೈಯಲ್ಲೇ ನಿಧಾನಕ್ಕೆ ಒತ್ತಿ ನೋಡಿ.

ಇನ್ನು ಸೋರಿಕೆ. ನನಗೆ ಜಾಸ್ತಿ ತಲೆ ತಿಂದಿದ್ದು ಇದೇ. ಎಲ್ಲವನ್ನೂ ಒಣಬಟ್ಟೆಯಲ್ಲಿ ಒರೆಸಿ, ಕೆಳಗೆ ಹಳೇ ಪೇಪರ್ ಹಾಸಿ, ಟ್ಯಾಂಕಿಗೆ ಸ್ವಲ್ಪ ಹೊಸ ಪೆಟ್ರೋಲ್ ಹಾಕಿ, ಪೆಟ್ರೋಲ್ ಕಾಕ್ (ಟ್ಯಾಂಕ್ ಕೆಳಗಿನ ನಲ್ಲಿ) ತಿರುಗಿಸಿ ಹತ್ತು ನಿಮಿಷ ಕಾಯಿರಿ. ಕಾರ್ಬುರೇಟರಿನ ಓವರ್‌ಫ್ಲೋ ಪೈಪಿನಿಂದ ತೊಟ್ಟಿಕ್ಕಿದರೆ ಒಳಗೆ ಪೆಟ್ರೋಲ್ ತಡೆಯುವ ಫ್ಲೋಟ್ ನೀಡಲ್ ಸರಿಯಾಗಿ ಕೂರುತ್ತಿಲ್ಲ, ಇಲ್ಲವೇ ಅದನ್ನು ಎತ್ತುವ, ಪೆಟ್ರೋಲಿನಲ್ಲಿ ತೇಲುವ ಫ್ಲೋಟ್ ತೂತಾಗಿದೆ. ಫ್ಲೋಟನ್ನು ಕಿವಿ ಹತ್ತಿರ ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಸದ್ದು ಬಂದರೆ ಬದಲಿಸಲೇಬೇಕು. ಕಾಕ್ ಹತ್ತಿರ ಒದ್ದೆಯಾದರೆ ವಾಷರ್ ಹೋಗಿದೆ. ರಬ್ಬರ್ ಪೈಪ್ ಗಟ್ಟಿಯಾಗಿದ್ದರೆ ಸುಮ್ನೆ ಹೊಸದು ಹಾಕಿ, ಕ್ಲಿಪ್ ಸಮೇತ. ಎಂ-ಸೀಲ್ ಮೆತ್ತುವ ಬುದ್ಧಿವಂತಿಕೆ ಬೇಡ, ನಾನು ಮಾಡಿ ನೋಡಿದ್ದೇನೆ!

ಕೆಲಸ ಬಯಲಲ್ಲೇ ಮಾಡಿ. ನಮ್ಮಜ್ಜಿ ಪಕ್ಕದಲ್ಲೇ ಊದಿನಕಡ್ಡಿ ಹಚ್ಚಲು ಬಂದಿದ್ದರು, ಓಡಿಹೋಗಿ ತಡೆದೆ. ವಾಷರ್, ನೀಡಲ್ ಎಲ್ಲಾ ಜೆ.ಸಿ. ರಸ್ತೆಯಲ್ಲಿ ಹುಡುಕಿ, ಹಳೇದನ್ನು ಜೇಬಲ್ಲಿಟ್ಟುಕೊಂಡೇ ಹೋಗಿ.