ಚಹಾ ಎಷ್ಟು ನಿಮಿಷ ನೆನೆಯಬೇಕು? ಮೊದಲು ನೀರನ್ನು ನೋಡಿ

ನಮ್ಮ ಕೋಲಾರದ ಕಡೆ ‘ಸ್ಟ್ರಾಂಗ್ ಟೀ’ ಎಂದರೆ ಪುಡಿಯನ್ನು ಹೆಚ್ಚು ಹೊತ್ತು ಕುದಿಸಿದ ಟೀ ಎಂದೇ ಬಹುಪಾಲು ಜನ ತಿಳಿದಿದ್ದಾರೆ. ಆದರೆ ಹಾಗೆ ಕುದಿಸಿದಾಗ ಹೆಚ್ಚುವುದು ಒಗರು ಮತ್ತು ಕಹಿ. ಬಿಸಿನೀರಿಗೆ ಬಿದ್ದ ಎಲೆಯಿಂದ ಪರಿಮಳವೂ ಕೆಫೀನ್‌ನ ಹೆಚ್ಚಿನ ಭಾಗವೂ ಮೊದಲ ಕೆಲವು ನಿಮಿಷಗಳಲ್ಲೇ ಇಳಿದುಬಿಡುತ್ತವೆ. ನಾಲಿಗೆಯನ್ನು ಹಿಡಿದಂತೆ ಮಾಡುವ, ಪಾಲಿಫಿನಾಲ್ ಎಂಬ ಒಗರಿನ ಅಂಶಗಳು ಮಾತ್ರ ಎಲೆ ನೀರಿನಲ್ಲಿ ಇರುವಷ್ಟು ಹೊತ್ತೂ ಇಳಿಯುತ್ತಲೇ ಇರುತ್ತವೆ. ಆದ್ದರಿಂದ ಟೀ ಗಟ್ಟಿಯಾಗಬೇಕಾದರೆ ಅರ್ಧ ಚಮಚ ಪುಡಿ ಹೆಚ್ಚಿಸಬೇಕೇ ಹೊರತು ನಿಮಿಷಗಳನ್ನಲ್ಲ.

ಮೊದಲ ಕೆಲಸ ನೀರಿನದು. ಈ ಭಾಗದ ಕೊಳವೆಬಾವಿಗಳ ನೀರು ಬಹಳ ಕಡೆ ಗಡಸು. ಆ ನೀರಿನಲ್ಲಿ ಮಾಡಿದ ಕಪ್ಪು ಚಹಾದ ಮೇಲೆ ಎಣ್ಣೆಯಂತೆ ತೇಲುವ ತೆಳು ಪದರವು ಪುಡಿಯ ದೋಷವಲ್ಲ. ಸುಣ್ಣದ ಅಂಶ ಚಹಾದ ಪಾಲಿಫಿನಾಲ್‌ಗಳೊಡನೆ ಸೇರಿ ಅದು ಉಂಟಾಗುತ್ತದೆ. ಗಡಸು ನೀರಿನಲ್ಲಿ ಬಣ್ಣ ಮಂಕಾಗಿ ರುಚಿ ಚಪ್ಪೆಯಾಗುವುದರಿಂದಲೇ ನಾವು ಮತ್ತೂ ಕುದಿಸುವ ತಪ್ಪಿಗೆ ಬೀಳುತ್ತೇವೆ. ಹೆಚ್ಚಾದರೆ ಹಲ್ಲು, ಮೂಳೆಗಳನ್ನು ಕೆಡಿಸುವ ಫ್ಲೋರೈಡ್ ನೀರಿನಲ್ಲಿರುವ ಊರುಗಳಲ್ಲಿ ಇನ್ನೊಂದು ತೊಡಕೂ ಇದೆ. ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ಸಾಂದ್ರವಾಗುತ್ತದೆ. ಚಹಾ ಎಲೆಯಲ್ಲಿಯೂ ಸ್ವಾಭಾವಿಕವಾಗಿ ಫ್ಲೋರೈಡ್ ಇದ್ದು, ಹೊತ್ತು ಹೆಚ್ಚಿದಂತೆ ಅದೂ ನೀರಿಗೆ ಇಳಿಯುತ್ತದೆ. ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನಿನಲ್ಲಿ ತಂದ ನೀರನ್ನೇ ಚಹಾಕ್ಕೆ ಬಳಸುವುದು ಉತ್ತಮ. ಆ ನೀರಿನಲ್ಲಿ ಎಲೆ ಬೇಗ ಬಣ್ಣ ಬಿಡುವುದರಿಂದ ಹಳೆಯ ಲೆಕ್ಕಕ್ಕಿಂತ ಅರ್ಧ ನಿಮಿಷ ಕಡಿಮೆ ಮಾಡಿ ನೋಡಿ.

ನಾವು ದಿನವೂ ಬಳಸುವ ಕಾಳುಕಾಳಾದ ಪುಡಿ ಸಿಟಿಸಿ ಬಗೆಯದು. ಎಲೆಯನ್ನು ಯಂತ್ರದಲ್ಲಿ ಹಿಸುಕಿ, ಹರಿದು, ಸುರುಳಿ ಮಾಡಿರುವುದರಿಂದ ಅದು ಬಲುಬೇಗ ರಸ ಬಿಡುತ್ತದೆ. ಒಂದು ಲೋಟ ನೀರಿಗೆ ಒಂದು ಚಹಾ ಚಮಚ ಪುಡಿ ಸಾಕು. ನೀರು ಮಳ್ಳಿದ ಮೇಲೆ ಪುಡಿ ಹಾಕಿ, ಒಲೆ ಆರಿಸಿ, ತಟ್ಟೆ ಮುಚ್ಚಿ ಎರಡರಿಂದ ಮೂರು ನಿಮಿಷ ಬಿಟ್ಟು ಸೋಸಿ, ಬಿಸಿ ಹಾಲು ಬೆರೆಸಿ. ಹಾಲಿನ ಪ್ರೋಟೀನು ಒಗರನ್ನು ಹಿಡಿದುಕೊಳ್ಳುವುದರಿಂದ ಹಾಲಿನ ಟೀಗೆ ನಾಲ್ಕು ನಿಮಿಷವಾದರೂ ಅಡ್ಡಿಯಿಲ್ಲ. ಶುಂಠಿ ಹಾಕುವವರು ಅದನ್ನು ಜಜ್ಜಿ ಮೊದಲೇ ನೀರಿನಲ್ಲಿ ಕುದಿಸಬೇಕು. ಹಸಿ ಶುಂಠಿಯನ್ನು ನೇರವಾಗಿ ಹಾಲಿಗೆ ಹಾಕಿದರೆ ಹಾಲು ಒಡೆಯುವ ಸಂಭವವಿದೆ.

ಇಡೀ ಎಲೆಯ ಕಪ್ಪು ಚಹಾ ನಿಧಾನಿ. ನೀಲಗಿರಿಯ ಎಲೆಗೆ ಮೂರರಿಂದ ಐದು ನಿಮಿಷ ಬೇಕು. ವಸಂತದ ಮೊದಲ ಕೊಯ್ಲಿನ ಡಾರ್ಜಿಲಿಂಗ್‌ಗೆ ಮೂರು ನಿಮಿಷ ದಾಟಬಾರದು, ಹಾಲನ್ನಂತೂ ಹಾಕಲೇಬಾರದು. ಸಮುದ್ರಮಟ್ಟಕ್ಕಿಂತ ಸುಮಾರು 800 ಮೀಟರಿಗೂ ಎತ್ತರದಲ್ಲಿರುವ ಕೋಲಾರದಲ್ಲಿ ನೀರು 97 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ಕುದಿಯುತ್ತದೆ. ಕಪ್ಪು ಚಹಾಕ್ಕೆ ಅಷ್ಟು ಶಾಖ ಧಾರಾಳವಾಗಿ ಸಾಕು.

ಹಸಿರು ಚಹಾದ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ‘ಅದು ಕಹಿ ಕಷಾಯ’ ಎಂದು ಡಬ್ಬಿಯನ್ನು ಮೂಲೆಗಿಟ್ಟವರಲ್ಲಿ ಹೆಚ್ಚಿನವರು ಕುದಿಯುವ ನೀರನ್ನೇ ಸುರಿದಿರುತ್ತಾರೆ ಎಂಬುದು ನನ್ನ ಅನುಮಾನ. ಅದಕ್ಕೆ 70ರಿಂದ 80 ಡಿಗ್ರಿಯ ನೀರು, ಎರಡರಿಂದ ಮೂರು ನಿಮಿಷ ಹಿತ. ಥರ್ಮಾಮೀಟರ್ ಬೇಕಿಲ್ಲ, ಕುದ್ದ ನೀರನ್ನು ಒಂದು ತಣ್ಣನೆಯ ಸ್ಟೀಲ್ ಲೋಟದಿಂದ ಇನ್ನೊಂದಕ್ಕೆ, ಹಾಲು ಆರಿಸುವಂತೆ, ಎರಡು ಸಲ ಎತ್ತಿ ಹುಯ್ದು, ಆಮೇಲೆ ಎಲೆಯ ಮೇಲೆ ಸುರಿದರಾಯಿತು. ಬಿಳಿ ಚಹಾಕ್ಕೆ ಇದೇ ನೀರು, ನಾಲ್ಕೈದು ನಿಮಿಷ. ಹಸಿರು ಮತ್ತು ಕಪ್ಪು ಚಹಾಗಳ ನಡುವಿನ ಬಗೆಯಾದ ಊಲಾಂಗ್‌ಗೆ ಸ್ವಲ್ಪ ಹೆಚ್ಚು ಬಿಸಿಯ ನೀರು, ಮೂರರಿಂದ ಐದು ನಿಮಿಷ. ಅದೇ ಎಲೆಯನ್ನು ಮತ್ತೆರಡು ಬಾರಿ ಬಳಸಬಹುದು.

ತುಳಸಿ, ಮಜ್ಜಿಗೆಹುಲ್ಲು, ದಾಸವಾಳದ ಪಾನೀಯಗಳಲ್ಲಿ ಚಹಾ ಎಲೆಯೇ ಇರುವುದಿಲ್ಲವಾದ್ದರಿಂದ ಐದರಿಂದ ಹತ್ತು ನಿಮಿಷ ಮುಚ್ಚಿಡಬಹುದು.

ಹೊಲಕ್ಕೋ ರೇಷ್ಮೆ ಹುಳು ಸಾಕುವ ಮನೆಗೋ ಫ್ಲಾಸ್ಕಿನಲ್ಲಿ ಟೀ ಒಯ್ಯುವವರು ಪೂರ್ತಿ ಸೋಸಿಯೇ ತುಂಬಬೇಕು. ತಳದಲ್ಲಿ ಒಂದಿಷ್ಟು ಗಸಿ ಉಳಿದರೂ ಮಧ್ಯಾಹ್ನದ ಹೊತ್ತಿಗೆ ಅದು ಫ್ಲಾಸ್ಕಿನ ಬಿಸಿಯಲ್ಲಿ ನೆನೆಯುತ್ತಲೇ ಇರುತ್ತದೆ.