ಪತ್ರಿಕೆ ಬಿಟ್ಟು ಹೆಸರು ಹಿಡಿದು ಹುಡುಕುವುದು

ಬ್ರಿಟನ್ನಿನ ಸ್ವತಂತ್ರ ಕಾಮಿಕ್ಸ್‌ನಲ್ಲಿ ನೆನಪಲ್ಲಿ ನಿಲ್ಲುವ ವಿಜ್ಞಾನ ಕತೆ ಬೇಕೆಂದರೆ ಪತ್ರಿಕೆಯ ಹೆಸರನ್ನು ನೆಚ್ಚಿಕೊಳ್ಳಬಾರದು. ಅವು ಅಲ್ಪಾಯುಷಿಗಳು. ಎಡಿನ್‌ಬರೋದ ‘ನಿಯರ್ ಮಿತ್ಸ್’ 1978ರಲ್ಲಿ ಹುಟ್ಟಿ ಐದೇ ಸಂಚಿಕೆಗೆ ಮುಗಿಯಿತು. 1982ರ ‘ವಾರಿಯರ್’ 26ನೇ ಸಂಚಿಕೆಗೆ ನಿಂತಿತು. ಕತೆಗಳು ಮಾತ್ರ ಮನೆ ಬದಲಾಯಿಸಿ ಬದುಕಿಕೊಂಡವು.

ಹಾಗಾಗಿ ನಾನು ಕತೆಗೊಂದು ಚೀಟಿ ಇಡುತ್ತೇನೆ: ಬರೆದವರು, ಚಿತ್ರ ಬಿಡಿಸಿದವರು, ಸಂಚಿಕೆ, ಪುಟಗಳೆಷ್ಟು, ಕೊನೆಗೆ ‘ಮುಗಿದಿದೆಯೇ?’. ಎಡವುವುದು ಈ ಕೊನೆಯ ಕಲಮಿನಲ್ಲೇ. ‘ವಿ ಫಾರ್ ವೆಂಡೆಟ್ಟಾ’ ವಾರಿಯರ್‌ನಲ್ಲಿ ಅರ್ಧಕ್ಕೇ ನಿಂತಿತ್ತು. 1988-89ರಲ್ಲಿ ಅಮೆರಿಕದ ಕಾಮಿಕ್ಸ್ ಪ್ರಕಾಶನ ಸಂಸ್ಥೆ ಡಿಸಿ ಅದನ್ನು ಬಣ್ಣ ಹಾಕಿ ಪೂರ್ತಿ ಮಾಡಿತು. ನನ್ನ ಕಣ್ಣಿಗೆ ಮೊದಲಿನ ಕಪ್ಪು-ಬಿಳುಪೇ ಮೇಲು, ಆ ಕತ್ತಲಿಗೆ ಬಣ್ಣ ಬೇಕಿರಲಿಲ್ಲ. ವಾರಿಯರ್‌ನದೇ ಇನ್ನೊಂದು ಕತೆ ‘ಮಾರ್ವೆಲ್‌ಮ್ಯಾನ್’ ಎಂದು ಹುಡುಕುವವರು ‘ಮಿರಾಕಲ್‌ಮ್ಯಾನ್’ ಎಂದೂ ಹುಡುಕಬೇಕು. ಅಮೆರಿಕದಲ್ಲಿ ಅಚ್ಚಾಗುವಾಗ ಹೆಸರೇ ಬದಲಾಯಿತು.

ಬರೆದವರ ಹೆಸರು ಹಿಡಿದು ಹೋದರೆ ಏನು ಸಿಗುತ್ತದೆ ಎನ್ನುವುದಕ್ಕೆ, ಕತೆ-ಚಿತ್ರ ಎರಡೂ ತಾವೇ ಮಾಡುವ ಬ್ರಯಾನ್ ಟಾಲ್ಬಟ್ ಸಾಕು. ನಿಯರ್ ಮಿತ್ಸ್‌ನಲ್ಲಿ ಶುರುವಾದ ಅವರ ‘ಲೂಥರ್ ಆರ್ಕ್‌ರೈಟ್’ ಕೊನೆಮುಟ್ಟಿದ್ದು ವಾಲ್ಕೈರಿ ಪ್ರೆಸ್ 1987-89ರಲ್ಲಿ ತಂದ ಒಂಬತ್ತು ಸಂಚಿಕೆಗಳಲ್ಲಿ. ಸಮಾನಾಂತರ ಲೋಕಗಳ ಕತೆ. ಒಂದು ಲೋಕದಲ್ಲಿ, 17ನೇ ಶತಮಾನದಲ್ಲಿ ದೊರೆಯನ್ನು ಕೆಳಗಿಳಿಸಿ ಆಳಿದ ಕ್ರಾಮ್‌ವೆಲ್‌ನ ಪಂಗಡವೇ ಇನ್ನೂ ಇಂಗ್ಲೆಂಡ್ ಆಳುತ್ತಿದೆ. ಇದರಲ್ಲಿ ‘ಢಂ’, ‘ಧಡಾರ್’ ಇಲ್ಲ, ಮನಸ್ಸಿನ ಮಾತಿನ ಗುಳ್ಳೆಯಿಲ್ಲ, ಓಟ ತೋರಿಸುವ ಗೆರೆಯೂ ಇಲ್ಲ. ಗುಂಡು ಹಾರಿದ್ದನ್ನು ಕೂಡ ಚಿತ್ರದಿಂದಲೇ ತಿಳಿಯಬೇಕು, ಸರಸರ ಪುಟ ತಿರುವಿದರೆ ಕತೆ ಕೈತಪ್ಪುತ್ತದೆ. ಮೊಬೈಲಿನಲ್ಲಂತೂ ಓದಲೇಬೇಡಿ: ನೆರಳಿಗೆಂದು ಎಳೆದ ಒತ್ತೊತ್ತಾದ ಅಡ್ಡ-ಉದ್ದ ಗೆರೆಗಳು ಸಣ್ಣ ಪರದೆಯಲ್ಲಿ ಬೂದು ಕಲೆಯಾಗುತ್ತವೆ, ಮುಖ ಯಾವುದು ನೆರಳು ಯಾವುದು ಗೊತ್ತಾಗದು.

‘ಫ್ಯೂಚರ್‌ಕ್ವೇಕ್’ನಂಥ ಸಂಕಲನಗಳ ಪುಟ್ಟ ಕತೆಗಳಿಗೆ ಬೇರೆ ಪರೀಕ್ಷೆ. ಕೊನೆಯ ಪುಟ ಮುಚ್ಚಿ ಅಂತ್ಯ ಊಹಿಸುತ್ತೇನೆ. ಊಹೆ ಸರಿಯಾದ ಮೇಲೂ ಮತ್ತೆ ಮೊದಲಿಂದ ಓದಬೇಕು ಅನ್ನಿಸಿದರೆ ಚೀಟಿಗೆ ಗುರುತು. ತಿರುವೊಂದನ್ನೇ ನಂಬಿದ ಕತೆ ಇಲ್ಲಿ ಉದುರಿಹೋಗುತ್ತದೆ, ಉದುರುವವೇ ಹೆಚ್ಚು.

ಸಿಕ್ಕಿದ್ದನ್ನು ಕಾಪಾಡುವುದೂ ಇದೆ. ಜೆರಾಕ್ಸ್ ಮಾಡಿ ಮಡಚಿದ ಎ5 ಪ್ರತಿಗಳನ್ನು ಪಿವಿಸಿ ಕವರಿಗೆ ಹಾಕಬೇಡಿ. ಜೆರಾಕ್ಸಿನ ಶಾಯಿಪುಡಿ (ಟೋನರ್) ಪ್ಲಾಸ್ಟಿಕ್ಕಿಗೆ ಅಂಟಿ, ಎಳೆದಾಗ ಅಕ್ಷರವೇ ಎದ್ದು ಬರುತ್ತದೆ. ಪಾಲಿಪ್ರೊಪಿಲೀನ್ ಕವರು ತನ್ನಿ. ತುಕ್ಕು ಹಿಡಿದ ಪಿನ್ನನ್ನು ಹೊರಗಿನಿಂದ ಕೀಳಬಾರದು, ನಡುಪುಟ ತೆರೆದು ಎರಡೂ ಕಾಲು ನೆಟ್ಟಗೆ ಮಾಡಿಕೊಂಡು ಆಮೇಲೆ ಬೆನ್ನ ಕಡೆಯಿಂದ ಮೆಲ್ಲಗೆ ಎತ್ತಬೇಕು.