ಅಮ್ಮನ ಹಲ್ಲು ಯಾವ ಊರಿನ ಸಾಕ್ಷಿ?

ನಾನು ಪಾವಗಡ ಕಡೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಮಕ್ಕಳ ಗ್ರಾಮಸಭೆಗೆಂದು ಒಂಬತ್ತನೇ ಕ್ಲಾಸಿನವರು ಊರಿನ ಬೋರ್‌ವೆಲ್ ನೀರಿನ ಫ್ಲೋರೈಡ್ ಮೇಲೆ ಪ್ರಾಜೆಕ್ಟ್ ಮಾಡಿದರು. ಫ್ಲೋರೈಡ್ ಅಂದರೆ ನೀರಿನಲ್ಲಿ ಕರಗಿರುವ ಒಂದು ಲವಣಾಂಶ; ಜಾಸ್ತಿಯಾದರೆ ಹಲ್ಲಿಗೆ ಕಲೆ, ಮೂಳೆ-ಕೀಲಿಗೆ ನೋವು. ಎರಡೇ ವಾರದಲ್ಲಿ ಒಂದು ಚೀಲ ಹಾಳೆ ತಂದು ಮೇಜಿನ ಮೇಲೆ ಸುರಿದರು. ಅದರಲ್ಲಿ ಗಟ್ಟಿ ಯಾವುದು, ಜೊಳ್ಳು ಯಾವುದು ಅಂತ ನೋಡುವುದಕ್ಕೆ ಅದಕ್ಕಿಂತ ಜಾಸ್ತಿ ದಿನ ಹಿಡಿಯಿತು.

ಮೊದಲು ಬಿದ್ದದ್ದು ಟಿಡಿಎಸ್ ಮೀಟರ್ ಲೆಕ್ಕ. ಫಿಲ್ಟರ್ ಅಂಗಡಿಯಿಂದ ಮೀಟರ್ ಇಸಕೊಂಡು ನೀರಿಗೆ ಅದ್ದಿದ್ದರು. 900 ಬಂದಿತ್ತು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ವಿಷ’ ಅಂತ ಬರೆದಿದ್ದರು! ಆ ಮೀಟರ್ ಕರಗಿದ ಲವಣಗಳ ಒಟ್ಟು ಅಂದಾಜು ಕೊಡುತ್ತದೆ, ಫ್ಲೋರೈಡನ್ನು ಬೇರೆಯಾಗಿ ತೋರಿಸುವುದಿಲ್ಲ. ಹೊಡೆದು ಹಾಕಿದೆವು.

ಮಕ್ಕಳು ಮನೆಮನೆಗೆ ಹೋಗಿ ಕೇಳಿದ ಮಂಡಿನೋವಿನ ಪ್ರಶ್ನೆಯ ತಪ್ಪು ನನ್ನದೇ. ‘ಈ ನೀರಿನಿಂದ ಮಂಡಿನೋವು ಬಂದಿದೆಯೇ?’ ಅಂತ ಬರೆದುಕೊಟ್ಟವನು ನಾನು. ಹಾಗೆ ಕೇಳಿದರೆ ಯಾವ ಅಜ್ಜಿ ಇಲ್ಲ ಅಂದಾಳು?

ಹಲ್ಲಿನ ಕಲೆಯ ಎಣಿಕೆ ಮಾತ್ರ ಚೆನ್ನಾಗಿ ಕಂಡಿತ್ತು. ಬಹಳ ಮನೆಗಳಲ್ಲಿ ‘ಇದೆ’ ಅಂತ ಗುರುತು. ಆಗ ಗುಂಪಿನ ಹುಡುಗಿಯೊಬ್ಬಳು, “ಸಾರ್, ನಮ್ಮಮ್ಮನ ಹಲ್ಲಲ್ಲೂ ಕಲೆ ಇದೆ. ಆದ್ರೆ ಅಮ್ಮನ ತವರು ಬೇರೆ ಊರಲ್ವಾ?” ಅಂದಳು. ನನಗೇ ಹೊಳೆದಿರಲಿಲ್ಲ. ಫ್ಲೋರೈಡಿನ ಕಲೆ ಕೂರುವುದು ಚಿಕ್ಕಂದಿನಲ್ಲಿ, ಹಲ್ಲು ಒಸಡಿನೊಳಗೆ ಬೆಳೆಯುವಾಗ. ಮದುವೆಯಾಗಿ ಬಂದವರ ಹಲ್ಲು ತವರಿನ ನೀರಿನ ಕಥೆ ಹೇಳುತ್ತದೆ, ನಮ್ಮೂರಿನದ್ದಲ್ಲ. ಎಲೆ-ಅಡಿಕೆ ಕಲೆಯೂ ಅದರಲ್ಲೇ ಸೇರಿಹೋಗಿತ್ತು. ಅವಳೇ ಸ್ಕೇಲ್ ಹಿಡಿದು ಹೊಸ ಕಾಲಂ ಎಳೆದಳು: ‘ಎಂಟು ವರ್ಷದವರೆಗೆ ಕುಡಿದದ್ದು ಯಾವ ಊರಿನ ನೀರು?’ ಮತ್ತೆ ಮನೆಮನೆ ಸುತ್ತಿದರು. ಬೈದುಕೊಂಡೇ ಸುತ್ತಿದರು ಅನ್ನಿ.

ಪಂಚಾಯಿತಿ ಕಿಟ್‌ನಲ್ಲಿ ನೀರಿನ ಪರೀಕ್ಷೆಯೂ ಆಗಿತ್ತು. ಒಂದೇ ಬೋರಿನದ್ದು ಅಂತ ತಂದ ಎರಡು ಬಾಟಲಿ. ಒಂದು ಲೀಟರಿಗೆ 1 ಮಿಲಿಗ್ರಾಂ ಒಳಗೆ, ಇನ್ನೊಂದು 2ರ ಹತ್ತಿರ. ನಮ್ಮ ದೇಶದ ಮಾನದಂಡದಲ್ಲಿ ಮಿತಿ 1, ಬೇರೆ ನೀರೇ ಇಲ್ಲದಿದ್ದರೆ 1.5. ಯಾವುದನ್ನು ನಂಬುವುದು? ಕೆದಕಿದರೆ ಒಬ್ಬ ಹುಡುಗ ಬೋರಿನ ಬಾಯಿಂದ ಹಿಡಿದಿದ್ದ, ಇನ್ನೊಬ್ಬ ಟ್ಯಾಂಕಿನ ನಲ್ಲಿಯಿಂದ. ಟ್ಯಾಂಕಿಗೆ ಬೇರೆ ಬೋರಿನ ನೀರೂ ಬೀಳುತ್ತದೆ. ಬಾಟಲಿ ಮೇಲೆ ಚೀಟಿಯೇ ಇರಲಿಲ್ಲ. ಚೀಟಿ ಅಂಟಿಸಿ, ಜಾಗ, ತಾರೀಖು ಬರೆದು ಮತ್ತೆ ಹಿಡಿದೆವು. ಈ ಸಲ ಲ್ಯಾಬಿಗೂ ಕಳಿಸಿದೆವು.

ಸಭೆಯ ದಿನ ಚೀಲದಲ್ಲಿ ಉಳಿದದ್ದು ನಾಲ್ಕೇ ಹಾಳೆ. ಎದುರಿಗೆ ಕೂತವರು ಮೊದಲು ಕೇಳಿದ್ದೇ, “ಯಾವ ಬೋರಿನದಪ್ಪಾ ಇದು?” ಹುಡುಗ ಏನೂ ಹೇಳದೆ ಬಾಟಲಿ ತಿರುಗಿಸಿ ಚೀಟಿ ತೋರಿಸಿದ.